ಮನಸ್ಸಿನ ಒತ್ತಡವೂ ಚರ್ಮದ ಆರೋಗ್ಯವೂ

ತರಗತಿ: 9 ಮತ್ತು 10
ವಿಷಯ: ಆರೋಗ್ಯ ಶಿಕ್ಷಣ (ಕನ್ನಡ ಭಾಷೆ ಹಾಗೂ ಜೀವಶಾಸ್ತ್ರ ಪಾಠಗಳೊಂದಿಗೆ ಜೋಡಿಸಿಕೊಳ್ಳಬಹುದು)
ಕಾಲಾವಧಿ: 3 ಪೀರಿಯಡ್

ಪಾಠದ ಉದ್ದೇಶಗಳು

ಈ ಪಾಠ ಮುಗಿದಾಗ ವಿದ್ಯಾರ್ಥಿಗಳು,
1. ಮಾನಸಿಕ ಒತ್ತಡವು ಚರ್ಮದ ಮೇಲೆ ಪರಿಣಾಮ ಬೀರುವ ಬಗೆಯನ್ನು ಸ್ವಂತ ಮಾತಿನಲ್ಲಿ ವಿವರಿಸುವರು.
2. ಒತ್ತಡದಿಂದ ಉಲ್ಬಣಿಸುವ ಚರ್ಮದ ತೊಂದರೆಗಳಿಗೂ ಸೋಂಕಿನಿಂದ ಹರಡುವ ತೊಂದರೆಗಳಿಗೂ ಇರುವ ವ್ಯತ್ಯಾಸವನ್ನು ತಿಳಿಯುವರು.
3. ಒತ್ತಡವನ್ನು ಹತೋಟಿಯಲ್ಲಿಡುವ ಕೆಲವು ಸರಳ ಕ್ರಮಗಳನ್ನು ರೂಢಿಸಿಕೊಳ್ಳುವರು.
4. ತಮ್ಮ ತೊಂದರೆಯನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ವೈದ್ಯರಿಗೆ ತಿಳಿಸಲು ಸಮರ್ಥರಾಗುವರು.
5. ಚರ್ಮದ ತೊಂದರೆಯುಳ್ಳ ಸಹಪಾಠಿಯೊಡನೆ ಗೌರವದಿಂದ ವರ್ತಿಸುವರು.

ಪೀಠಿಕೆ

ಹತ್ತನೆಯ ತರಗತಿಯ ಒಂದು ಸನ್ನಿವೇಶವನ್ನು ಮೊದಲು ಪರಿಶೀಲಿಸೋಣ. ಫೆಬ್ರವರಿ ತಿಂಗಳು, ಪಬ್ಲಿಕ್ ಪರೀಕ್ಷೆಗೆ ಕೆಲವೇ ವಾರಗಳು ಉಳಿದಿವೆ. ಕರಾವಳಿಯ ಸೆಖೆ ಆಗಲೇ ಏರತೊಡಗಿದೆ. ಆದರೂ ಒಬ್ಬ ವಿದ್ಯಾರ್ಥಿನಿ ದಿನವೂ ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡೇ ಬರುತ್ತಾಳೆ. ಅವಳ ಮೊಣಕೈಯ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಒರಟಾಗಿದೆ. ಉಗುರಿನ ಗೀರುಗಳಿಂದ ಅಲ್ಲಲ್ಲಿ ರಸಿಕೆ ಒಸರುತ್ತಿದೆ. ಬರೆಯುವಾಗ ತೋಳು ಸರಿದು ಅದು ಪಕ್ಕದವಳ ಕಣ್ಣಿಗೆ ಬೀಳುತ್ತದೆ. ಮರುದಿನ ಪಕ್ಕದವಳು ಬೆಂಚು ಬದಲಿಸುತ್ತಾಳೆ. ‘ಕಜ್ಜಿ’ ಎಂಬ ಮಾತು ತರಗತಿಯಲ್ಲಿ ಹರಡುತ್ತದೆ. ಅಧ್ಯಾಪಕರು ಒಳ್ಳೆಯ ಉದ್ದೇಶದಿಂದಲೇ, ‘ಗುಣವಾಗುವ ತನಕ ಬೇರೆ ಕುಳಿತುಕೋ’ ಎನ್ನುತ್ತಾರೆ. ಒಂದು ವಾರದಲ್ಲಿ ಅವಳ ತೊಂದರೆ ಇಮ್ಮಡಿಯಾಗುತ್ತದೆ.

ಆ ವಿದ್ಯಾರ್ಥಿನಿಗಿದ್ದದ್ದು ಇಸುಬು. ಅದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಪರೀಕ್ಷೆಯ ಚಿಂತೆ ಅದನ್ನು ಕೆರಳಿಸಿತ್ತು. ತರಗತಿಯ ಮಾತು ಮತ್ತಷ್ಟು ಕೆರಳಿಸಿತು. ಮನಸ್ಸಿನ ಒತ್ತಡ ಚರ್ಮವನ್ನು ಬಾಧಿಸುತ್ತದೆ. ಬಾಧೆಗೊಳಗಾದ ಚರ್ಮ ಮನಸ್ಸಿಗೆ ಹೊಸ ಒತ್ತಡವನ್ನು ತರುತ್ತದೆ. ಈ ಚಕ್ರವನ್ನು ಅರ್ಥ ಮಾಡಿಕೊಳ್ಳುವುದೂ, ಅದನ್ನು ಎಲ್ಲೆಲ್ಲಿ ತಡೆಯಬಹುದೆಂದು ತಿಳಿಯುವುದೂ ಈ ಪಾಠದ ತಿರುಳು. ಹಾಗೆ ತಡೆಯಬಹುದಾದ ಮುಖ್ಯ ಸ್ಥಳಗಳಲ್ಲಿ ತರಗತಿಯೂ ಒಂದು.

1. ನುಡಿಗಟ್ಟುಗಳಿಂದ ಆರಂಭ

ಮನಸ್ಸಿಗೂ ಚರ್ಮಕ್ಕೂ ಇರುವ ನಂಟನ್ನು ವಿಜ್ಞಾನಕ್ಕೆ ಮೊದಲೇ ಭಾಷೆ ಕಂಡುಕೊಂಡಿತ್ತು. ನಾಚಿದಾಗ ಮುಖ ಕೆಂಪೇರುತ್ತದೆ, ಹೆದರಿದಾಗ ಬಿಳುಚಿಕೊಳ್ಳುತ್ತದೆ, ಗಾಬರಿಯಲ್ಲಿ ಮೈ ಬೆವರುತ್ತದೆ, ದೆವ್ವದ ಕಥೆ ಕೇಳಿದಾಗ ಮೈ ಜುಮ್ಮೆನ್ನುತ್ತದೆ, ಸಿಟ್ಟಿನಲ್ಲಿ ಮೈ ಉರಿಯುತ್ತದೆ. ಏನೂ ಮಾಡಲು ತೋಚದೆ ಚಡಪಡಿಸುವವನನ್ನು ಕುರಿತು ‘ಮೈ ಪರಚಿಕೊಳ್ಳುತ್ತಿದ್ದಾನೆ’ ಎನ್ನುತ್ತೇವೆ. ಯಾವ ಮಾತೂ ನಾಟದವನದು ‘ಎಮ್ಮೆ ಚರ್ಮ’.

ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ. ಅವುಗಳಲ್ಲಿ ಸ್ವೇದ, ರೋಮಾಂಚ, ವೈವರ್ಣ್ಯ ಎಂಬ ಮೂರು ಚರ್ಮದಲ್ಲಿಯೇ ತೋರುವಂಥವು. ಬೆವರುವುದು, ರೋಮ ನಿಮಿರುವುದು, ಬಣ್ಣಗೆಡುವುದು ಇವನ್ನು ಕೈಕಾಲುಗಳ ಚಲನೆಯಂತೆ ಬೇಕೆಂದಾಗ ತಂದುಕೊಳ್ಳಲಾಗದು. ಮನಸ್ಸು ಆ ಭಾವದಲ್ಲಿ ನೆಲೆಗೊಂಡಾಗ ತಾವಾಗಿ ಮೂಡುತ್ತವೆ. ಇಂದಿನ ಜೀವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇವು ನಮ್ಮ ಇಚ್ಛೆಗೆ ಒಳಪಡದ ಸ್ವಾಯತ್ತ ನರವ್ಯೂಹದ ಕೆಲಸಗಳು.

ಚಟುವಟಿಕೆ 1: ಮನಸ್ಸಿನ ಸ್ಥಿತಿಯನ್ನು ಚರ್ಮದ ಮೂಲಕ ಹೇಳುವ ನುಡಿಗಟ್ಟುಗಳನ್ನು ವಿದ್ಯಾರ್ಥಿಗಳು ಗುಂಪುಗಳಲ್ಲಿ ಸಂಗ್ರಹಿಸಲಿ. ಕನ್ನಡದ ನುಡಿಗಟ್ಟುಗಳೊಂದಿಗೆ ಮನೆಮಾತಿನವೂ ಸೇರಲಿ. ಕಾಸರಗೋಡಿನ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿರುತ್ತಾರೆ. ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು ಮತ್ತು ಉರ್ದು, ಜತ್ತ ಹಾಗೂ ಅಕ್ಕಲಕೋಟೆಗಳಲ್ಲಿ ಮರಾಠಿ ಬಲ್ಲವರಿರುತ್ತಾರೆ. ಎಲ್ಲ ಭಾಷೆಗಳೂ ಒಂದೇ ಅನುಭವದತ್ತ ಬೆರಳು ಮಾಡುವುದನ್ನು ಕರಿಹಲಗೆಯ ಮೇಲಿನ ಪಟ್ಟಿಯೇ ತೋರಿಸಿಕೊಡುತ್ತದೆ.

2. ಚರ್ಮ: ದೇಹದ ಹೊರಗೋಡೆ

ವಯಸ್ಕರ ದೇಹದಲ್ಲಿ ಚರ್ಮದ ಹರವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಅದರ ಮೇಲ್ಪದರವನ್ನು ಕೆಂಪುಕಲ್ಲಿನ ಗೋಡೆಗೆ ಹೋಲಿಸಿ ವಿವರಿಸಿರಿ. ಸತ್ತು ಚಪ್ಪಟೆಯಾದ ಕೋಶಗಳು ಕಲ್ಲುಗಳಿದ್ದಂತೆ. ಅವುಗಳ ನಡುವಿನ ಕೊಬ್ಬಿನ ಅಂಶಗಳು ಗಾರೆಯಿದ್ದಂತೆ. ಗಾರೆ ಗಟ್ಟಿಯಾಗಿರುವ ತನಕ ಒಳಗಿನ ತೇವ ಹೊರಹೋಗದು, ಹೊರಗಿನ ರೋಗಾಣು ಒಳಬಾರದು. ಗಾರೆ ಉದುರಿದರೆ ಚರ್ಮ ಒಣಗುತ್ತದೆ, ಬಿರಿಯುತ್ತದೆ, ತುರಿಸುತ್ತದೆ. ಒಳಚರ್ಮದಲ್ಲಿ ರಕ್ತನಾಳಗಳು, ನರತುದಿಗಳು, ಬೆವರಿನ ಗ್ರಂಥಿಗಳು, ಎಣ್ಣೆಯ ಗ್ರಂಥಿಗಳು ಮತ್ತು ಕೂದಲ ಬೇರುಗಳಿವೆ.

ಇಲ್ಲಿ ವಿದ್ಯಾರ್ಥಿಗಳ ಗಮನ ಸೆಳೆಯಬೇಕಾದ ಒಂದು ಸಂಗತಿಯಿದೆ. ತಾಯಿಯ ಗರ್ಭದಲ್ಲಿ ಭ್ರೂಣ ಬೆಳೆಯುವಾಗ ಹೊರಚರ್ಮವೂ ಮೆದುಳು ಸಹಿತವಾದ ನರವ್ಯೂಹವೂ ಭ್ರೂಣದ ಒಂದೇ ಹೊರಪದರದಿಂದ ಹುಟ್ಟುತ್ತವೆ. ಮುಂದೆ ಒಂದು ಒಳಗೆ ಅಡಗುತ್ತದೆ, ಇನ್ನೊಂದು ಹೊರಗೆ ಉಳಿಯುತ್ತದೆ. ಆದರೆ ನರಗಳ ಮೂಲಕವೂ ರಕ್ತದಲ್ಲಿ ಹರಿಯುವ ಹಾರ್ಮೋನುಗಳ ಮೂಲಕವೂ ಅವುಗಳ ನಡುವೆ ಸಂದೇಶಗಳ ಕೊಡುಕೊಳ್ಳುವಿಕೆ ಜೀವಮಾನವಿಡೀ ನಡೆಯುತ್ತದೆ.

3. ಒತ್ತಡವು ಚರ್ಮವನ್ನು ತಲುಪುವ ದಾರಿ

ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಅವರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕೋಪಗಳು ದೇಹವನ್ನು ಹೋರಾಟಕ್ಕೆ ಅಥವಾ ಪಲಾಯನಕ್ಕೆ ಸಜ್ಜುಗೊಳಿಸುವ ಬಗೆಯನ್ನು ವಿವರಿಸಿದರು. ಕೆನಡದಲ್ಲಿ ಸಂಶೋಧನೆ ನಡೆಸಿದ ಹ್ಯಾನ್ಸ್ ಸೆಲ್ಯೆ ಅವರು 1936ರಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟರು: ಕಾರಣ ಯಾವುದೇ ಇರಲಿ, ಬಾಧೆ ದೀರ್ಘವಾದಾಗ ದೇಹವು ಒಂದೇ ಬಗೆಯ ಕ್ರಮದಲ್ಲಿ ಪ್ರತಿಕ್ರಿಯಿಸುತ್ತದೆ. ಮೊದಲು ಎಚ್ಚರ, ಬಳಿಕ ಪ್ರತಿರೋಧ, ಕೊನೆಗೆ ಬಳಲಿಕೆ ಎಂಬ ಮೂರು ಹಂತಗಳು ಅವರ ಹೆಸರಿನೊಡನೆ ಸೇರಿಕೊಂಡಿವೆ. ಈ ಇಬ್ಬರ ಕಾಣ್ಕೆಗಳನ್ನು ಆಧರಿಸಿ ಒತ್ತಡವನ್ನು ಎರಡು ಬಗೆಯಾಗಿ ನೋಡಬಹುದು.

ಅಲ್ಪಕಾಲದ ಒತ್ತಡ: ಪ್ರಶ್ನೆಪತ್ರಿಕೆ ಕೈಗೆ ಬರುವ ಕ್ಷಣ ಇದಕ್ಕೆ ಉದಾಹರಣೆ. ಅಡ್ರೀನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಬರುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ಬೆರಳ ತುದಿ ತಣ್ಣಗಾಗುತ್ತದೆ. ಅಂಗೈ, ಅಂಗಾಲು ಬೆವರುತ್ತವೆ. ರೋಮದ ಬುಡದ ಸಣ್ಣ ಸ್ನಾಯು ಬಿಗಿದು ರೋಮ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಯಥಾಸ್ಥಿತಿಗೆ ಮರಳುತ್ತದೆ. ಇದು ರೋಗವಲ್ಲ, ದೇಹದ ಸಹಜ ಸಿದ್ಧತೆ. ಈ ಮಾತನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಬೇಕು.

ದೀರ್ಘಕಾಲದ ಒತ್ತಡ: ತಿಂಗಳುಗಟ್ಟಲೆ ಎಳೆಯುವ ಪರೀಕ್ಷೆಯ ಭಯ, ಮನೆಯ ಜಗಳ, ಸಾಲದ ಚಿಂತೆ, ಸಹಪಾಠಿಗಳ ಹಂಗಿಸುವಿಕೆ ಈ ಗುಂಪಿಗೆ ಸೇರುತ್ತವೆ. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು, ಪಿಟ್ಯುಟರಿ ಅಡ್ರೀನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಮತ್ತೆ ಮತ್ತೆ ಹೆಚ್ಚುತ್ತದೆ. ಇದರ ಪರಿಣಾಮವಾಗಿ ಮೇಲೆ ಹೇಳಿದ ‘ಗಾರೆ’ಯ ಉತ್ಪತ್ತಿ ಕುಗ್ಗುತ್ತದೆ, ರೋಗನಿರೋಧಕ ವ್ಯವಸ್ಥೆಯ ಸಮತೋಲ ತಪ್ಪುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಚರ್ಮದ ನರತುದಿಗಳು ಹೊರಸೂಸುವ ರಾಸಾಯನಿಕಗಳು ಮಾಸ್ಟ್ ಕೋಶಗಳನ್ನು ಕೆರಳಿಸುತ್ತವೆ. ಅವುಗಳಿಂದ ಹೊರಬರುವ ಹಿಸ್ಟಮಿನ್ ತುರಿಕೆಯನ್ನು ಉಂಟುಮಾಡುತ್ತದೆ. ತುರಿಸಿದರೆ ಚರ್ಮ ಇನ್ನಷ್ಟು ಹರಿಯುತ್ತದೆ, ಹರಿದ ಚರ್ಮ ಇನ್ನಷ್ಟು ತುರಿಸುತ್ತದೆ. ರಾತ್ರಿ ತುರಿಸಿ ನಿದ್ದೆಗೆಟ್ಟವನಿಗೆ ಮರುದಿನ ಒತ್ತಡ ಇಮ್ಮಡಿ.

4. ಅಧ್ಯಯನಗಳು ತಿಳಿಸುವುದೇನು?

1995ರಲ್ಲಿ ಅಮೆರಿಕದ ಓಹಿಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ವರದಿ ಮಾಡಿದರು. ಮರೆವಿನ ರೋಗದಿಂದ ಬಳಲುವ ಬಂಧುಗಳ ಆರೈಕೆಯಲ್ಲಿ ತೊಡಗಿದ್ದ 13 ಮಹಿಳೆಯರ ಮತ್ತು ಅಂಥ ಹೊರೆಯಿಲ್ಲದ 13 ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಒಂದೇ ಅಳತೆಯ ಪುಟ್ಟ ಗಾಯವನ್ನು ಮಾಡಲಾಯಿತು. ಆರೈಕೆಯ ಹೊರೆಯಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. 1998ರಲ್ಲಿ ಅದೇ ತಂಡದವರು 11 ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಅಂಗುಳಿನಲ್ಲಿ ರಜಾಕಾಲದಲ್ಲೊಮ್ಮೆ, ಪರೀಕ್ಷೆಯ ಕಾಲದಲ್ಲೊಮ್ಮೆ ಇಂಥ ಗಾಯ ಮಾಡಿ ನೋಡಿದರು. ಪರೀಕ್ಷೆಯ ಕಾಲದ ಗಾಯ ಮಾಯಲು ಮೂರು ದಿನ ಹೆಚ್ಚಾಯಿತು. 2001ರ ಒಂದು ಅಧ್ಯಯನದಲ್ಲಿ ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳ ಚರ್ಮದ ಹೊರತಡೆ ಕೆಟ್ಟರೆ ಸರಿಹೋಗಲು ಹೆಚ್ಚು ಸಮಯ ಹಿಡಿಯುವುದು ಕಂಡುಬಂತು. 2003ರಲ್ಲಿ ಸ್ಟ್ಯಾನ್‌ಫರ್ಡಿನ 22 ವಿದ್ಯಾರ್ಥಿಗಳನ್ನು ಗಮನಿಸಿದಾಗ, ಪರೀಕ್ಷೆಯ ಒತ್ತಡ ಹೆಚ್ಚಿದ್ದವರಲ್ಲಿ ಮೊಡವೆಯೂ ಹೆಚ್ಚಾಗಿದ್ದುದು ತಿಳಿಯಿತು.

ಇವೆಲ್ಲ ಕೆಲವೇ ಜನರನ್ನು ಒಳಗೊಂಡ ಅಧ್ಯಯನಗಳು. ಆದರೂ ಅವು ಒಂದೇ ದಿಕ್ಕನ್ನು ತೋರುತ್ತವೆ. ‘ಅವಳು ನಾಟಕ ಮಾಡುತ್ತಾಳೆ’ ಎಂಬ ಮಾತಿಗೆ ಇವು ಉತ್ತರ. ಒತ್ತಡದ ಪರಿಣಾಮ ಕಲ್ಪನೆಯದಲ್ಲ. ದಿನಗಳ ಲೆಕ್ಕದಲ್ಲಿ ಅಳೆಯಬಹುದಾದದ್ದು.

5. ಒತ್ತಡದಿಂದ ಹೆಚ್ಚುವ ತೊಂದರೆಗಳು

ಒತ್ತಡವು ಈ ತೊಂದರೆಗಳಿಗೆ ಏಕೈಕ ಕಾರಣವಲ್ಲ. ಇರುವುದನ್ನು ಕೆರಳಿಸುವ ಒಂದು ಕಾರಣ.

ಮೊಡವೆ: ಹದಿಹರೆಯದ ಹಾರ್ಮೋನುಗಳಿಂದ ಎಣ್ಣೆಯ ಗ್ರಂಥಿಗಳು ಚುರುಕಾಗುವುದು ಮೂಲ. ಒತ್ತಡದಲ್ಲಿ ಅದು ಹೆಚ್ಚುತ್ತದೆ. ಚಿವುಟುವ ಅಭ್ಯಾಸವೂ ಸೇರಿದರೆ ಕಲೆ ಉಳಿಯುತ್ತದೆ.
ಇಸುಬು: ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಒಣಚರ್ಮ ಮತ್ತು ತೀವ್ರ ತುರಿಕೆ. ಆಸ್ತಮಾ, ಅಲರ್ಜಿಗಳಿರುವ ಮನೆತನಗಳಲ್ಲಿ ಹೆಚ್ಚು.
ಸೋರಿಯಾಸಿಸ್: ಸಾಮಾನ್ಯವಾಗಿ ಹಲವು ವಾರ ಹಿಡಿಯುವ ಹೊರಚರ್ಮದ ನವೀಕರಣ ಇಲ್ಲಿ ಕೆಲವೇ ದಿನಗಳಲ್ಲಿ ನಡೆದು, ಬೆಳ್ಳನೆಯ ಹುರುಪೆ ಕಟ್ಟುತ್ತದೆ. ಇದು ಅಂಟುರೋಗವಲ್ಲ.
ಪಿತ್ತದ ಗಂಧೆ: ತಟ್ಟನೆ ಏಳುವ ತುರಿಕೆಯ ದದ್ದುಗಳು. ಆಹಾರ, ಔಷಧಿ, ಸೋಂಕುಗಳಂತೆ ಒತ್ತಡವೂ ಇದನ್ನು ಕೆರಳಿಸಬಲ್ಲದು.
ಕೂದಲು ಉದುರುವುದು: ತೀವ್ರ ಜ್ವರ ಅಥವಾ ಆಘಾತವಾದ ಎರಡು ಮೂರು ತಿಂಗಳ ಬಳಿಕ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ.

ತೊನ್ನಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ಹರಡುವುದಿಲ್ಲ, ನೋಯುವುದಿಲ್ಲ; ನೋವೆಲ್ಲ ನೋಡುವವರ ಕಣ್ಣಿನಿಂದ, ಆಡುವವರ ನಾಲಗೆಯಿಂದ ಬರುವಂಥದು.

6. ಎಲ್ಲವೂ ಒತ್ತಡವಲ್ಲ

ಒತ್ತಡದ ಬಗೆಗೆ ತಿಳಿದ ಮೇಲೆ ಎಲ್ಲವನ್ನೂ ಅದರ ತಲೆಗೆ ಕಟ್ಟುವ ಅಪಾಯವಿದೆ. ಕಜ್ಜಿಯು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯಿಂದ ಬರುತ್ತದೆ; ಬೆರಳ ಸಂದುಗಳಲ್ಲಿ ಗುಳ್ಳೆ, ರಾತ್ರಿ ಹೆಚ್ಚುವ ತುರಿಕೆ, ಮನೆಯ ಇತರರಿಗೂ ಅದೇ ತೊಂದರೆ ಇವು ಅದರ ಗುರುತುಗಳು. ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಉಂಗುರದಂತೆ ಅಂಚು ಕಟ್ಟುವ ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠರೋಗದ ಲಕ್ಷಣವಿರಬಹುದು. ಅದಕ್ಕೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಔಷಧಿಯಿದೆ, ಬೇಗ ಆರಂಭಿಸಿದರೆ ಅಂಗವೈಕಲ್ಯವಿಲ್ಲದೆ ಗುಣವಾಗುತ್ತದೆ. ಜ್ವರದೊಡನೆ ಬರುವ ದದ್ದನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. ಸೋಂಕಿನ ರೋಗವಾದರೂ ಅದು ಮಗುವಿನ ತಪ್ಪಲ್ಲ, ಕೊಳಕುತನದ ಗುರುತೂ ಅಲ್ಲ.

7. ಹತೋಟಿಯ ಕ್ರಮಗಳು

ಚರ್ಮದ ಆರೈಕೆ: ಬಿಸಿಬಿಸಿ ನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಬೇಕು; ಒಣಚರ್ಮಕ್ಕೆ ಸಾಬೂನು ಮಿತವಾಗಿರಲಿ. ಮೈ ಒರಸಿದ ಕೂಡಲೇ, ಚರ್ಮ ಇನ್ನೂ ತೇವವಾಗಿರುವಾಗ ತೆಂಗಿನೆಣ್ಣೆ ಸವರಿದರೆ ತೇವ ಉಳಿಯುತ್ತದೆ. ಮೊಡವೆಯಿರುವ ಮುಖಕ್ಕೆ ಮಾತ್ರ ಎಣ್ಣೆ ಬೇಡ. ಉಗುರು ಕತ್ತರಿಸಿಕೊಳ್ಳಬೇಕು. ತುರಿಕೆ ತಡೆಯಲಾರದಾಗ ಪರಚುವ ಬದಲು ತಣ್ಣನೆಯ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಬೆಳ್ಳಗಾಗಲೆಂದೋ ತುರಿಕೆ ನಿಲ್ಲಲೆಂದೋ ಔಷಧಿ ಅಂಗಡಿಯಿಂದ ತಾವೇ ತಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮನ್ನು ಹಚ್ಚಬಾರದು. ಅದು ಮೊದಲು ಗುಣ ತೋರಿದಂತೆ ಕಂಡರೂ ಚರ್ಮವನ್ನು ತೆಳುವಾಗಿಸುತ್ತದೆ, ಹುಳುಕಡ್ಡಿಯನ್ನು ಹರಡಿಸುತ್ತದೆ.

ಉಸಿರಾಟ: ನಾಲ್ಕು ಎಣಿಸುವ ತನಕ ಮೂಗಿನಿಂದ ಉಸಿರು ತೆಗೆದುಕೊಂಡು, ಆರು ಎಣಿಸುವ ತನಕ ನಿಧಾನವಾಗಿ ಬಿಡುವುದು. ಐದು ನಿಮಿಷ ಸಾಕು.

ಸ್ನಾಯುಗಳ ಸಡಿಲಿಕೆ: ಎಡ್ಮಂಡ್ ಜೇಕಬ್‌ಸನ್ ಅವರು 1929ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಕ್ರಮದಿಂದ ಬೆಳೆದುಬಂದ ಅಭ್ಯಾಸವಿದು. ಮುಷ್ಟಿಯನ್ನು ಕೆಲವು ಕ್ಷಣ ಬಿಗಿಹಿಡಿದು ಬಿಡುವುದು. ಬಳಿಕ ತೋಳು, ಹೆಗಲು, ಮುಖ, ಕಾಲು ಹೀಗೆ ಒಂದೊಂದಾಗಿ ಮುಂದುವರಿಯುವುದು. ಪರಚಬೇಕೆನಿಸಿದಾಗ ಮುಷ್ಟಿ ಬಿಗಿಯುವುದು ತುರಿಕೆಯ ಚಕ್ರವನ್ನು ಮುರಿಯಲೂ ನೆರವಾಗುತ್ತದೆ.

ನಿದ್ದೆ ಮತ್ತು ಆಟ: 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಪರೀಕ್ಷೆ ಹತ್ತಿರವಾದಾಗ ನಾವು ಮೊದಲು ಕಡಿತಗೊಳಿಸುವುದು ನಿದ್ದೆಯನ್ನು, ಆಮೇಲೆ ಆಟದ ಪೀರಿಯಡನ್ನು. ಎರಡೂ ತಪ್ಪು.

ಈ ಕ್ರಮಗಳು ಔಷಧಿಗೆ ಬದಲಿಯಲ್ಲ, ಜೊತೆಗಾರ. 1998ರಲ್ಲಿ ಜಾನ್ ಕಬಾಟ್-ಜಿನ್ ಮತ್ತು ಸಂಗಡಿಗರು 37 ಸೋರಿಯಾಸಿಸ್ ರೋಗಿಗಳನ್ನು ಅಭ್ಯಸಿಸಿದರು. ಬೆಳಕಿನ ಚಿಕಿತ್ಸೆ ಪಡೆಯುತ್ತಿದ್ದಾಗಲೇ ಧ್ಯಾನದ ಧ್ವನಿಮುದ್ರಿಕೆ ಕೇಳಿದವರ ಚರ್ಮ, ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಬೇಗ ತಿಳಿಯಾಯಿತು. ಇಬ್ಬರಿಗೂ ಚಿಕಿತ್ಸೆ ನಡೆದಿತ್ತು ಎಂಬುದನ್ನು ಮರೆಯಬಾರದು.

8. ತರಗತಿ ಚಟುವಟಿಕೆಗಳು

ಚಟುವಟಿಕೆ 2: ಮೇಲಿನ ಉಸಿರಾಟದ ಕ್ರಮವನ್ನು ಒಂದು ವಾರ ದಿನವೂ ಮೊದಲ ಪೀರಿಯಡಿನ ಆರಂಭದಲ್ಲಿ ಎಲ್ಲರೂ ಮಾಡಲಿ, ಅಧ್ಯಾಪಕರೂ ಜೊತೆಗೂಡಲಿ. ಅಂಗೈಯ ಬಿಸಿ, ಎದೆಬಡಿತ, ಮನಸ್ಸಿನ ಸ್ಥಿತಿಗಳಲ್ಲಿ ಕಂಡ ಬದಲಾವಣೆಯನ್ನು ದಿನಚರಿಯಲ್ಲಿ ಎರಡು ಸಾಲು ಬರೆಯಲಿ. ಅದನ್ನು ಓದಿಸಬೇಡಿರಿ, ಅಂಕ ಕೊಡಬೇಡಿರಿ.

ಚಟುವಟಿಕೆ 3, ವೈದ್ಯರೊಡನೆ ಮಾತು: ನಮ್ಮ ಮಕ್ಕಳು ಕನ್ನಡದಲ್ಲಿ ಓದುತ್ತಾರೆ, ಆದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ಕನ್ನಡ ತಿಳಿದಿರಬೇಕೆಂದಿಲ್ಲ. ತುರಿಕೆ ಎಂಬ ಒಂದು ಮಾತಿಗೆ ಕನ್ನಡದಲ್ಲಿಯೇ ನವೆ, ತೀಟೆ, ತಿಂಡಿ ಎಂಬ ಬೇರೆ ಬೇರೆ ರೂಪಗಳಿವೆ. ಜತ್ತದ ಮಗು ‘ಮೈಗೆ ತಿಂಡಿ’ ಎಂದರೆ ದಕ್ಷಿಣದ ಕನ್ನಡಿಗರೇ ತಿನಿಸೆಂದು ತಿಳಿದಾರು. ತುರಿಕೆಯನ್ನು ಮಲಯಾಳದಲ್ಲಿ ಚೊರಿಚ್ಚಿಲ್, ತಮಿಳಿನಲ್ಲಿ ಅರಿಪ್ಪು, ತೆಲುಗಿನಲ್ಲಿ ದುರದ, ಮರಾಠಿಯಲ್ಲಿ ಖಾಜ ಎನ್ನುತ್ತಾರೆ. ವಿದ್ಯಾರ್ಥಿಗಳು ಜೋಡಿಗಳಾಗಿ, ‘ಎಲ್ಲಿ? ಎಂದಿನಿಂದ? ರಾತ್ರಿ ಹೆಚ್ಚೋ ಹಗಲು ಹೆಚ್ಚೋ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಯಾವ ಮುಲಾಮು ಹಚ್ಚಿದ್ದೀರಿ? ನಿದ್ದೆ ಬರುತ್ತದೆಯೇ?’ ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದು, ಅದನ್ನೇ ರಾಜ್ಯಭಾಷೆಯಲ್ಲಿ ಹೇಳಿ ಅಭ್ಯಾಸ ಮಾಡಲಿ. ಕಲ್ಪಿತ ರೋಗಿಯ ವಿವರವನ್ನೇ ಬಳಸಬೇಕು. ಯಾವ ವಿದ್ಯಾರ್ಥಿಯ ನಿಜವಾದ ತೊಂದರೆಯನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಬಾರದು.

9. ಅಧ್ಯಾಪಕರ ಗಮನಕ್ಕೆ

ತರಗತಿಯ ಎದುರಿನಲ್ಲಿ ಯಾರ ಮುಖ, ಕೈಗಳ ಬಗೆಗೂ ಪ್ರಶ್ನಿಸಬೇಡಿರಿ. ‘ಮುಖಕ್ಕೇನಾಯಿತು?’ ಎಂಬ ಸಹಜವಾದ ಮಾತೂ ಹದಿಹರೆಯದವರಿಗೆ ಭಾರವಾಗಬಲ್ಲದು. ವೈದ್ಯರ ಸೂಚನೆಯಿಲ್ಲದೆ ಯಾರನ್ನೂ ಬೇರೆ ಕುಳ್ಳಿರಿಸಬೇಡಿರಿ. ‘ಇದೆಲ್ಲ ನಿನ್ನ ಮನಸ್ಸಿನಲ್ಲಿರುವುದು’ ಎನ್ನಬೇಡಿರಿ. ಹಾಗೆಂದರೆ ತೊಂದರೆಯೇ ಇಲ್ಲವೆಂದು ಮಗು ತಿಳಿಯುತ್ತದೆ. ಅದರ ಬದಲು ಒಂಟಿಯಾಗಿ ಸಿಕ್ಕಾಗ, ‘ಇತ್ತೀಚೆಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ?’ ಎಂದು ಕೇಳಿರಿ. ತುರಿಕೆಯ ಗೀರಿನಂತೆ ಕಾಣದ, ಸಾಲಾಗಿ ಎಳೆದಂಥ ಗಾಯದ ಗುರುತುಗಳನ್ನು ಕಂಡರೆ ಗದರಿಸದೆ, ಗುಟ್ಟು ಕಾಯ್ದುಕೊಂಡು ಶಾಲೆಯ ಆಪ್ತಸಮಾಲೋಚಕರ ಅಥವಾ ವೈದ್ಯರ ನೆರವನ್ನು ಅಂದೇ ಪಡೆಯಿರಿ.

2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಮಾತನಾಡುವ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ತರಗತಿಯ ಗೋಡೆಯ ಮೇಲಿರಲಿ. ಅಧ್ಯಾಪಕರಿಗೂ ಒತ್ತಡವಿದೆ, ಅವರಿಗೂ ಆ ಸಂಖ್ಯೆ ಅನ್ವಯಿಸುತ್ತದೆ.

10. ಮೌಲ್ಯಮಾಪನ

1. ಪರೀಕ್ಷೆಯ ಕೋಣೆಯಲ್ಲಿ ಅಂಗೈ ಬೆವರುವುದು ರೋಗವೇ? ಕಾರಣ ಸಹಿತ ಉತ್ತರಿಸಿರಿ.
2. ಕೆಂಪುಕಲ್ಲಿನ ಗೋಡೆಯ ಹೋಲಿಕೆಯನ್ನು ಬಳಸಿ ಇಸುಬಿನ ತುರಿಕೆಯನ್ನು ವಿವರಿಸಿರಿ.
3. ಇಸುಬು ಮತ್ತು ಕಜ್ಜಿಗಳ ನಡುವಿನ ಮೂರು ವ್ಯತ್ಯಾಸಗಳನ್ನು ಬರೆಯಿರಿ.
4. ಒತ್ತಡದಿಂದ ಚರ್ಮಕ್ಕೆ, ಚರ್ಮದಿಂದ ಒತ್ತಡಕ್ಕೆ ಸಾಗುವ ಚಕ್ರವನ್ನು ಚಿತ್ರಿಸಿ, ಅದನ್ನು ತಡೆಯಬಹುದಾದ ಮೂರು ಸ್ಥಳಗಳನ್ನು ಗುರುತಿಸಿರಿ.
5. ಪೀಠಿಕೆಯಲ್ಲಿ ಹೇಳಿದ ವಿದ್ಯಾರ್ಥಿನಿಯ ಪಕ್ಕದ ಬೆಂಚಿನವರು ನೀವೆಂದು ಭಾವಿಸಿರಿ. ಮರುದಿನ ಬೆಳಿಗ್ಗೆ ತರಗತಿಗೆ ಬಂದಾಗ ನೀವು ಎಲ್ಲಿ ಕುಳಿತುಕೊಳ್ಳುವಿರಿ? ಅವಳೊಡನೆ ಏನು ಮಾತನಾಡುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.